ಬ್ರೇಕ್ ಗಟ್ಟಿಯಾದಾಗ: ಹಳೆಯ ಕಾಂಟೆಸ್ಸಾಕ್ಕೆ ಬೂಸ್ಟರ್ ಬದಲಿಸುವ ಬಗೆ

ಬೂಸ್ಟರ್ ಕೆಟ್ಟ ಕಾರಿಗೆ ಬ್ರೇಕೇ ಇರುವುದಿಲ್ಲ ಎಂದಲ್ಲ. ಬ್ರೇಕ್ ಇರುತ್ತದೆ, ಒತ್ತಲು ಕಾಲಿನ ಬಲ ಸಾಲುವುದಿಲ್ಲ. ನಮ್ಮ ಕಲ್ಲೂರಿನಿಂದ ರಾಯಚೂರಿನ ಕಡೆ ಹೊರಟಿದ್ದೀರಿ, ಮುಂದಿನ ಟ್ರ್ಯಾಕ್ಟರ್ ಕೈ ತೋರಿಸದೆ ಹೊಲದ ದಾರಿಗೆ ಹೊರಳಿತು ಎಂದುಕೊಳ್ಳಿ. ನಿನ್ನೆಯವರೆಗೆ ಪಾದ ಇಟ್ಟರೆ ಸಾಕು ನಿಲ್ಲುತ್ತಿದ್ದ ಗಾಡಿ ಇವತ್ತು ಸೀಟಿನಿಂದ ಎದ್ದು ತುಳಿದರೂ ನಾಲ್ಕು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಆ ನಾಲ್ಕು ಮಾರಿನೊಳಗೆ ಯಾರಿದ್ದಾರೆ ಎನ್ನುವುದರ ಮೇಲೆ ಉಳಿದದ್ದೆಲ್ಲ.

ಹಳೆಯ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡು, ಪಾನಾ ಹಿಡಿಯುವುದನ್ನು ಈಗಷ್ಟೇ ಕಲಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಹಿಡಿದಿರುವುದು ಕಾಂಟೆಸ್ಸಾ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ 1984ರಿಂದ 2002ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಕಾರು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಇದರ ಮೂಲ. ಮೊದಲು ಅಂಬಾಸಿಡರ್‌ನದೇ 1489 ಸಿಸಿ ಎಂಜಿನ್ ಹಾಕಿದ್ದರು, ಆ ತೂಕಕ್ಕೆ ಅದು ಸಾಲಲಿಲ್ಲ. ಆಮೇಲೆ ಬಂದ ಇಸುಝು 1.8 ಲೀಟರ್ ಎಂಜಿನ್ನಿನ ಕಾಂಟೆಸ್ಸಾ ಕ್ಲಾಸಿಕ್ಕೇ ಜನ ನೆನಪಿಟ್ಟುಕೊಂಡ ಗಾಡಿ. ಅಂಬಾಸಿಡರ್ ಸಾಹೇಬರದು, ಕಾಂಟೆಸ್ಸಾ ಸಾಹುಕಾರರದು ಎನ್ನುವ ಕಾಲ ಅದು. ಮುಂದಿನ ಗಾಲಿಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್, ಜೊತೆಗೆ ಬೂಸ್ಟರ್.

ಅಂಬಾಸಿಡರ್ ಇದ್ದವರು ಮೊದಲು ಬಾನೆಟ್ ಎತ್ತಿ ನೋಡಿ. ಮಾರ್ಕ್ 2, ಮಾರ್ಕ್ 3 ಗಾಡಿಗಳಿಗೆ ಬೂಸ್ಟರೇ ಇಲ್ಲ. ಪೆಡಲ್ ನೆಲದಿಂದ ಮೇಲೆ ಬಂದಿರುತ್ತದೆ, ಬ್ರೇಕ್ ಆಯಿಲನ್ನು ಗಾಲಿಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಕಾಲಡಿಯ ತಗಡಿನ ಕೆಳಗೆ ಕೂತಿರುತ್ತದೆ. ಅಂಥ ಗಾಡಿಯ ಬ್ರೇಕ್ ಗಟ್ಟಿಯಾಗಿದ್ದರೆ ಕಾರಣವನ್ನು ಲೈನರ್‌ನಲ್ಲೋ ಗಾಲಿಯ ಸಿಲಿಂಡರ್‌ನಲ್ಲೋ ಹುಡುಕಬೇಕು. ಇಲ್ಲದ ಬೂಸ್ಟರಿಗೆ ದುಡ್ಡು ಕೇಳುವವರೂ ಇದ್ದಾರೆ ಅಂತ ಇಷ್ಟು ಹೇಳಿದೆ.

ಬೂಸ್ಟರ್ ಎನ್ನುವುದು ಡ್ರೈವರ್ ಮುಂದಿನ ತಗಡಿನ ಗೋಡೆಗೆ, ಎಂಜಿನ್ ಕಡೆಯಿಂದ ಕೂಡಿಸಿದ ಕಪ್ಪು ಬಣ್ಣದ ದುಂಡು ಡಬ್ಬಿ. ಒಳಗೆ ಒಂದು ರಬ್ಬರ್ ಡಯಾಫ್ರಂ ಡಬ್ಬಿಯನ್ನು ಎರಡು ಕೋಣೆ ಮಾಡಿರುತ್ತದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ಮ್ಯಾನಿಫೋಲ್ಡ್‌ನಲ್ಲಿ ಹುಟ್ಟುವ ವ್ಯಾಕ್ಯೂಮ್ ಒಂದು ಪೈಪಿನ ಮೂಲಕ ಎರಡೂ ಕೋಣೆಯ ಗಾಳಿಯನ್ನು ಹೀರುತ್ತದೆ. ಪೆಡಲ್ ಒತ್ತಿದ ಕೂಡಲೇ ಡ್ರೈವರ್ ಕಡೆಯ ಕೋಣೆಗೆ ಹೊರಗಿನ ಗಾಳಿ ನುಗ್ಗುತ್ತದೆ, ಡಯಾಫ್ರಂ ಮುಂದಕ್ಕೆ ಜಗ್ಗುತ್ತದೆ, ನಿಮ್ಮ ಕಾಲಿನ ಜೊತೆ ಅದೂ ಮಾಸ್ಟರ್ ಸಿಲಿಂಡರ್ ಅನ್ನು ತಳ್ಳುತ್ತದೆ. ಎಂಟು ಇಂಚು ಅಗಲದ ಡಯಾಫ್ರಂ ಮೇಲೆ, ಎಂಜಿನ್ ಐಡಲ್‌ನಲ್ಲಿದ್ದಾಗ ಬೀಳುವ ಬಲ ಲೆಕ್ಕ ಹಾಕಿದರೆ ಸುಮಾರು 200 ಕೆ.ಜಿ. ಆಗುತ್ತದೆ. ಎರಡು ಕ್ವಿಂಟಲ್ ಹತ್ತಿಯ ಭಾರ ಕಾಲಿನ ನೆರವಿಗೆ ಬಂದ ಹಾಗೆ. ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ಡೆವಾಂಡ್ರ್ 1927ರಲ್ಲಿ ರೂಪಿಸಿದ ಉಪಾಯ ಇದು. ಇವತ್ತಿನ ಬಹಳಷ್ಟು ಕಾರುಗಳಲ್ಲಿಯೂ ಅದೇ ನಡೆದಿದೆ.

ಎಂಜಿನ್ ನಿಂತರೆ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಡಬ್ಬಿಯಲ್ಲಿ ಉಳಿದದ್ದು ಎರಡು, ಹೆಚ್ಚೆಂದರೆ ಮೂರು ಸಲ ಒತ್ತುವುದಕ್ಕೆ ಆದೀತು. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ ಗಾಡಿ ಉರುಳಿಸುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಕಾಲದ ಬೂಸ್ಟರ್ ಇಲ್ಲದ ಗಾಡಿಗೆ ಅದು ಹೇಗೋ ನಡೆಯುತ್ತಿತ್ತು. ಕಾಂಟೆಸ್ಸಾಕ್ಕೆ ನಡೆಯುವುದಿಲ್ಲ. ಹಗ್ಗ ಕಟ್ಟಿ ಎಳೆದೊಯ್ಯುವಾಗಲೂ ಇದೇ ಮಾತು.

ಹಂತ 1: ಬೂಸ್ಟರೇ ಕೆಟ್ಟಿದೆಯೇ ನೋಡಿ

ಇದಕ್ಕೆ ಒಂದು ಉಪಕರಣವೂ ಬೇಡ. ಎಂಜಿನ್ ಬಂದ್ ಇರಲಿ. ಪೆಡಲ್ ಅನ್ನು ಐದಾರು ಸಲ ಪೂರ್ತಿ ಒತ್ತಿ ಬಿಡಿ. ಒಂದೊಂದು ಸಲಕ್ಕೂ ಗಟ್ಟಿಯಾಗುತ್ತ ಬರುತ್ತದೆ. ಗಟ್ಟಿಯಾದ ಮೇಲೆ ಕಾಲನ್ನು ಪೆಡಲ್ ಮೇಲೆ ಹದವಾಗಿ ಊರಿಕೊಂಡೇ ಎಂಜಿನ್ ಶುರು ಮಾಡಿ. ಬೂಸ್ಟರ್ ಸರಿಯಿದ್ದರೆ ಪೆಡಲ್ ತಾನಾಗಿ ಒಂದು ಬೆರಳಿನಷ್ಟು ಕೆಳಗಿಳಿಯುತ್ತದೆ. ಕದಲದೆ ಹಾಗೇ ನಿಂತರೆ ಸಹಾಯ ಬರುತ್ತಿಲ್ಲ ಎಂದರ್ಥ.

ಎರಡನೆಯ ಪರೀಕ್ಷೆ. ಎಂಜಿನ್ ಒಂದೆರಡು ನಿಮಿಷ ನಡೆಯಲಿ, ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿ. ಮೊದಲನೆಯ ಸಲ ಹಗುರ, ಎರಡನೆಯ ಸಲ ತುಸು ಬಿಗಿ, ಮೂರನೆಯ ಸಲ ಇನ್ನೂ ಬಿಗಿ ಇರಬೇಕು. ಮೊದಲ ಸಲವೇ ಗಟ್ಟಿಯಾಗಿದ್ದರೆ ಡಬ್ಬಿ ವ್ಯಾಕ್ಯೂಮ್ ಹಿಡಿದಿಟ್ಟುಕೊಳ್ಳುತ್ತಿಲ್ಲ. ಮೂರನೆಯದು: ಎಂಜಿನ್ ನಡೆಯುತ್ತಿರುವಾಗ ಪೆಡಲ್ ಒತ್ತಿ ಹಿಡಿದು, ಹಿಡಿದಂತೆಯೇ ಎಂಜಿನ್ ಬಂದ್ ಮಾಡಿ, ಅರ್ಧ ನಿಮಿಷ ಕಾಯಿರಿ. ಆ ಅರ್ಧ ನಿಮಿಷದಲ್ಲಿ ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಿದರೆ ಎಲ್ಲೋ ಸೋರಿಕೆ ಇದೆ.

ಕಿವಿಗೂ ಕೆಲಸ ಕೊಡಿ. ಪೆಡಲ್ ಒತ್ತಿ ಹಿಡಿದಾಗ ಡ್ಯಾಶ್‌ಬೋರ್ಡ್ ಕೆಳಗಿನಿಂದ ಬಿಡದೆ ‘ಸ್‌ಸ್’ ಎಂಬ ಸದ್ದು ಬರುವುದು, ಅದರ ಜೊತೆಗೇ ಎಂಜಿನ್ನಿನ ಐಡಲ್ ಏರುಪೇರಾಗುವುದು ಡಯಾಫ್ರಂ ಹರಿದಿರುವ ಗುರುತು. ಒತ್ತಿದ ಕ್ಷಣಕ್ಕೆ ಮಾತ್ರ ಕೇಳಿ ನಿಲ್ಲುವ ಸಣ್ಣ ಉಸಿರಿಗೆ ಹೆದರಬೇಕಾಗಿಲ್ಲ.

ಇನ್ನೊಂದು ಲಕ್ಷಣವನ್ನು ಹೊಸಬರು ತಪ್ಪಾಗಿ ತಿಳಿಯುವುದೇ ಹೆಚ್ಚು. ಬ್ರೇಕ್ ಆಯಿಲ್‌ನ ಡಬ್ಬದಲ್ಲಿ ಮಟ್ಟ ಕಡಿಮೆಯಾಗುತ್ತಲೇ ಇರುತ್ತದೆ, ಆದರೆ ಯಾವ ಗಾಲಿಯ ಹತ್ತಿರವೂ ಒಂದು ಹನಿ ಸೋರಿರುವುದಿಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿ ಆಯಿಲ್ ಬೂಸ್ಟರ್ ಒಳಗೆ ಇಳಿಯುತ್ತಿರುತ್ತದೆ, ಎಂಜಿನ್ ಅದನ್ನು ಹೀರಿ ಸುಡುತ್ತಿರುತ್ತದೆ. ವ್ಯಾಕ್ಯೂಮ್ ಪೈಪ್ ತೆಗೆದು ಮೂಸಿ ನೋಡಿ, ಬ್ರೇಕ್ ಆಯಿಲ್‌ನ ವಾಸನೆ ಮೂಗಿಗೆ ಹೊಡೆದರೆ ಸಂಶಯ ಬೇಡ. ಹಾಗಾಗಿದ್ದರೆ ಬೂಸ್ಟರ್ ಒಂದನ್ನೇ ಬದಲಿಸುವುದು ದಂಡ. ಮಾಸ್ಟರ್ ಸಿಲಿಂಡರನ್ನೂ ಜೊತೆಗೇ ಬದಲಿಸದಿದ್ದರೆ ಹೊಸ ಡಯಾಫ್ರಂ ಕೂಡ ಅದೇ ಹಾದಿ ಹಿಡಿಯುತ್ತದೆ.

ಹಂತ 2: ಪೈಪ್ ಮತ್ತು ವಾಲ್ವ್

ಮೊದಲ ಪರೀಕ್ಷೆಯಲ್ಲಿ ಪೆಡಲ್ ಇಳಿಯಲಿಲ್ಲ ಎಂದ ಮಾತ್ರಕ್ಕೆ ಬೂಸ್ಟರ್ ಬಿಚ್ಚಲು ಹೊರಡಬೇಡಿ. ನಮ್ಮ ಕಡೆಯ ಅನುಭವಸ್ಥ ಉಸ್ತಾದ್‌ಗಳು ಹೇಳುವ ಮಾತು: ‘ಮೊದಲ ಪೈಪ್ ನೋಡ್ರಿ, ಬೂಸ್ಟರ್ ಮಾತು ಆಮ್ಯಾಲ.’ ಸರಿಯಾದ ಮಾತು. ಮ್ಯಾನಿಫೋಲ್ಡ್‌ನಿಂದ ಬೂಸ್ಟರಿಗೆ ಬರುವ ರಬ್ಬರ್ ಪೈಪ್ ಸೀಳಿದ್ದರೂ ಲಕ್ಷಣ ಇದೇ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಾನೆಟ್ ಒಳಗಿನ ಸೆಕೆ ಕೇಳುವುದೇ ಬೇಡ. ಇಪ್ಪತ್ತು ಮೂವತ್ತು ವರ್ಷದ ರಬ್ಬರ್ ಎರಡೂ ತುದಿಗಳಲ್ಲಿ, ಕ್ಲಿಪ್ಪಿನ ಅಡಿಯಲ್ಲೇ, ಕಾಣದ ಹಾಗೆ ಬಿರಿದಿರುತ್ತದೆ. ಕ್ಲಿಪ್ ಸರಿಸಿ, ಪೈಪನ್ನು ಬಾಗಿಸಿ ನೋಡಿದರೆ ಬಿರುಕು ಬಾಯಿ ಬಿಡುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಇಲಿ ಕಡಿದಿದೆಯೇ ಎಂದೂ ನೋಡಿ.

ಬದಲಿಸುವುದಾದರೆ ವ್ಯಾಕ್ಯೂಮ್‌ಗೆಂದೇ ಮಾಡಿದ ದಪ್ಪ ಗೋಡೆಯ ಪೈಪನ್ನೇ ಕೇಳಿ ತನ್ನಿ. ಹೊಲದ ಸ್ಪ್ರೇಯರ್ ಪೈಪ್, ರೇಡಿಯೇಟರ್ ಪೈಪ್ ಮೊದಲ ದಿನ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಬಿಸಿಯಾಗಿ ಮೆತ್ತಗಾದಾಗ ಒಳಗಿನ ಹೀರುವಿಕೆಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಗಾಡಿ ತಣ್ಣಗಿದ್ದಾಗ ಬ್ರೇಕ್ ಸರಿ, ಬಿಸಿಯಾದಾಗ ಗಟ್ಟಿ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಪೈಪ್ ಬೂಸ್ಟರಿಗೆ ಸೇರುವ ಜಾಗದಲ್ಲಿ, ಕೆಲವು ಗಾಡಿಗಳಲ್ಲಿ ಪೈಪಿನ ನಡುವೆ, ಒಂದು ಒನ್‌ವೇ ವಾಲ್ವ್ ಇರುತ್ತದೆ. ಅದನ್ನು ತೆಗೆದು ಒರೆಸಿ ಊದಿ ನೋಡಿ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹಾಯಬೇಕು, ಎಂಜಿನ್ ಕಡೆಯಿಂದ ಊದಿದರೆ ಹಾಯಬಾರದು. ಎರಡೂ ಕಡೆ ಹಾಯ್ದರೆ ಅಥವಾ ಎರಡೂ ಕಡೆ ಕಟ್ಟಿದರೆ ವಾಲ್ವ್ ಬದಲಿಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿ. ಇಷ್ಟಕ್ಕೇ ಮುಗಿದರೆ ನಿಮ್ಮ ಅದೃಷ್ಟ. ಈ ಬರಹದ ಉಳಿದ ಭಾಗ ನಿಮಗೆ ಬೇಕಾಗಿಲ್ಲ.

ಡೀಸೆಲ್ ಗಾಡಿಯ ಕಥೆ ಬೇರೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂಡಿಸಿದ ಕಾಂಟೆಸ್ಸಾ, ಅಂಬಾಸಿಡರ್‌ಗಳು ಬೇಕಾದಷ್ಟಿವೆ. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡ್‌ನಲ್ಲಿ ಬೂಸ್ಟರಿಗೆ ಸಾಲುವಷ್ಟು ವ್ಯಾಕ್ಯೂಮ್ ಹುಟ್ಟುವುದಿಲ್ಲ. ಅದಕ್ಕೆಂದೇ ಬೇರೆ ಪಂಪ್ ಇರುತ್ತದೆ, ಇಸುಝು ಡೀಸೆಲ್‌ನಲ್ಲಿ ಆಲ್ಟರ್ನೇಟರಿನ ಬೆನ್ನಿಗೆ. ಬೆಲ್ಟ್ ಸಡಿಲಾದರೆ, ಪಂಪಿಗೆ ಆಯಿಲ್ ಒಯ್ಯುವ ಸಣ್ಣ ಪೈಪ್ ಕಟ್ಟಿಕೊಂಡರೆ ಬೂಸ್ಟರ್ ಹೊಸದಿದ್ದರೂ ಬ್ರೇಕ್ ಗಟ್ಟಿಯೇ. ಎಂಜಿನ್ ನಡೆಯುವಾಗ ಬೂಸ್ಟರ್ ಕಡೆಯ ಪೈಪ್ ಬಾಯಿಗೆ ಹೆಬ್ಬೆರಳು ಹಿಡಿಯಿರಿ. ಚರ್ಮ ಎಳೆದು ಹಿಡಿಯಬೇಕು. ಎಳೆಯದಿದ್ದರೆ ನೋಡಬೇಕಾದದ್ದು ಪಂಪನ್ನು.

ಹಂತ 3: ಸರಿಯಾದ ಬೂಸ್ಟರ್ ತರುವುದು

ಕಾಂಟೆಸ್ಸಾ ನಿಂತು ಎರಡು ದಶಕದ ಮೇಲಾಯಿತು. ಹೊಸ ಬೂಸ್ಟರ್ ಅಂಗಡಿಯ ಕಪಾಟಿನಲ್ಲಿ ಕಾಯುತ್ತಿರುವುದಿಲ್ಲ. ರಾಯಚೂರಿನ ಸ್ಪೇರ್ ಅಂಗಡಿಗಳಲ್ಲಿ ವಿಚಾರಿಸಿ, ಸಿಗದಿದ್ದರೆ ನಮಗೆ ಹತ್ತಿರದ ದೊಡ್ಡ ಮಾರುಕಟ್ಟೆ ಸಿಕಂದರಾಬಾದಿನ ರಾಣಿಗಂಜ್. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಚೆನ್ನೈಯಲ್ಲಿ ಪುದುಪೇಟೆ. ಹಿಂದೂಸ್ತಾನ್ ಮೋಟಾರ್ಸ್ ಗಾಡಿಗಳ ಸಾಮಾನಿಗೆ ಕೋಲ್ಕತ್ತದ ಮಲ್ಲಿಕ್ ಬಜಾರ್ ಹೆಸರುವಾಸಿ.

ಫೋಟೋ ಕಳಿಸಿ ತರಿಸುವುದಕ್ಕಿಂತ ಹಳೆಯ ಬೂಸ್ಟರನ್ನೇ ಬಿಚ್ಚಿ (ಬಿಚ್ಚುವ ಬಗೆ ಹಂತ 4ರಿಂದ 6ರಲ್ಲಿದೆ) ಕೈಯಲ್ಲಿ ಹಿಡಿದು ಹೋಗುವುದು ಲೇಸು. ಗಾಡಿ ಹೇಗೂ ಮನೆಯ ಮುಂದೆ ನಿಂತಿರುತ್ತದೆ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾದವು: ಡಬ್ಬಿಯ ಅಗಲ, ಗೋಡೆಯ ಕಡೆಯ ಬೋಲ್ಟುಗಳ ನಡುವಿನ ಅಂತರ, ಮಾಸ್ಟರ್ ಸಿಲಿಂಡರ್ ಕೂಡುವ ಎರಡು ಬೋಲ್ಟುಗಳ ಅಂತರ, ಪೆಡಲ್ ಕಡೆಯ ರಾಡಿನ ಉದ್ದ ಮತ್ತು ಅದರ ತುದಿಯ ಕವಲು, ವ್ಯಾಕ್ಯೂಮ್ ಪೈಪ್ ಕೂಡುವ ಮೂತಿ ಯಾವ ದಿಕ್ಕಿಗಿದೆ. ಇವುಗಳಲ್ಲಿ ಒಂದು ತಪ್ಪಿದರೂ ‘ಅಡ್ಜಸ್ಟ್ ಆಗ್ತದ ಒಯ್ರಿ’ ಎನ್ನುವ ಮಾತಿಗೆ ಒಪ್ಪಬೇಡಿ. ಬೇರೆ ಕಾರಿನ ಬೂಸ್ಟರ್‌ಗೆ ತಗಡು ಬೆಸೆದು ಕೂಡಿಸುವವರಿದ್ದಾರೆ. ಆ ಬೆಸುಗೆಯ ಮೇಲೆ 200 ಕೆ.ಜಿ. ಬಲ ಬೀಳುತ್ತದೆ ಎನ್ನುವುದನ್ನು ನೆನಪಿಟ್ಟುಕೊಂಡು ನೀವೇ ತೀರ್ಮಾನಿಸಿ.

ಗುಜರಿಯ ಬೂಸ್ಟರ್ ಕೊಳ್ಳುವುದೇ ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಪೆಡಲ್ ಕಡೆಯ ರಾಡನ್ನು ಒಳಕ್ಕೆ ಒತ್ತಿ, ವ್ಯಾಕ್ಯೂಮ್ ಮೂತಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ರಾಡ್ ಬಿಡಿ. ಡಯಾಫ್ರಂ ಗಟ್ಟಿಯಿದ್ದರೆ ರಾಡ್ ತಡೆದು ತಡೆದು ಹಿಂದೆ ಬರುತ್ತದೆ, ಬೆರಳು ತೆಗೆದಾಗ ಗಾಳಿ ಎಳೆಯುವ ಸದ್ದಾಗುತ್ತದೆ. ಫಟ್ಟನೆ ಹೊರಗೆ ಬಂದರೆ ಬೇಡ. ಹಳೆಯದನ್ನೇ ಬಿಚ್ಚಿ ಡಯಾಫ್ರಂ ಹಾಕಿಸುವ ದಾರಿಯೂ ಇದೆ. ಆದರೆ ಅದನ್ನು ಮನೆಯಲ್ಲಿ ಮಾಡಬೇಡಿ. ಡಬ್ಬಿಯ ಎರಡು ಹೋಳುಗಳನ್ನು ಮಡಚಿ ಕೂಡಿಸಿರುತ್ತಾರೆ, ಒಳಗೆ ದೊಡ್ಡ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ತೆರೆಯುವಾಗ ಅದು ಮುಖಕ್ಕೆ ಹಾರಿದರೆ ಬ್ರೇಕಿನ ಚಿಂತೆ ಬಿಟ್ಟು ಆಸ್ಪತ್ರೆಯ ಚಿಂತೆ ಹತ್ತುತ್ತದೆ.

ಹಂತ 4: ಗಾಡಿ ನಿಲ್ಲಿಸಿ, ಸಾಮಾನು ಕೂಡಿಹಾಕಿ

ಸಮತಟ್ಟು ಜಾಗ, ತಣ್ಣಗಾದ ಎಂಜಿನ್. ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗಳ ಹಿಂದೆ ಮುಂದೆ ಕಲ್ಲಿಡಿ. ನಮ್ಮ ಊರಿನಲ್ಲಿ ಅದಕ್ಕೇನೂ ಬರವಿಲ್ಲ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಏಕೆಂದರೆ ಪೆಡಲ್ ಹತ್ತಿರ ಬ್ರೇಕ್ ಲೈಟಿನ ಸ್ವಿಚ್ ಇರುತ್ತದೆ. ಪೆಡಲ್ ಒತ್ತಿ ಒತ್ತಿ ಡಬ್ಬಿಯಲ್ಲಿ ಉಳಿದ ವ್ಯಾಕ್ಯೂಮ್ ಖಾಲಿ ಮಾಡಿ.

ಪಾನಾಗಳನ್ನು ಇಂಚಿನ ಅಳತೆಯದೂ ಎಂ.ಎಂ. ಅಳತೆಯದೂ ಎರಡೂ ಸೆಟ್ ಇಟ್ಟುಕೊಳ್ಳಿ. ಇಂಗ್ಲೆಂಡಿನ ಬಾಡಿ, ಜಪಾನಿನ ಎಂಜಿನ್, ನಡುವೆ ನಮ್ಮ ಮೇಸ್ತ್ರಿಗಳು ಬದಲಿಸಿದ ನಟ್ಟುಗಳು. ಯಾವ ನಟ್ಟಿಗೆ ಯಾವುದು ಕೂಡುತ್ತದೆ ಎಂದು ಹಾಕಿ ನೋಡಿದಾಗಲೇ ಗೊತ್ತು. ಬ್ರೇಕ್ ಪೈಪಿನ ನಟ್ಟಿಗೆ ಮಾತ್ರ ಫ್ಲೇರ್ ನಟ್ ಪಾನಾ ಬೇಕೇ ಬೇಕು. ಸಾದಾ ಪಾನಾದಿಂದ ಜಗ್ಗಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಪೈಪನ್ನೇ ಬದಲಿಸಬೇಕು. ಪಕ್ಕಡ, ಪೇಚ್‌ಕಸ್, ಹೊಸ ಸ್ಪ್ಲಿಟ್ ಪಿನ್, ವರ್ನಿಯರ್, ಟಾರ್ಚ್, ಹಳೆಯ ಬಟ್ಟೆ, ಒಂದು ಬಕೆಟ್ ನೀರು. ನೀರು ಯಾಕೆಂದರೆ ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ. ಬಿದ್ದ ಕೂಡಲೇ ನೀರು ಸುರಿದು ತೊಳೆಯಬೇಕು.

ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4, ಸೀಲ್ ಒಡೆಯದ ಬಾಟಲಿ. ಅದು ಗಾಳಿಯ ತೇವ ಹೀರುವ ದ್ರವ. ಹೊಸ ಡಾಟ್ 3 ಕುದಿಯುವುದು 205 ಡಿಗ್ರಿಗೆ, ತೇವ ಹೀರಿಕೊಂಡ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕಳೆದ ವರ್ಷ ತೆರೆದು ಮುಚ್ಚಿಟ್ಟ ಬಾಟಲಿಯನ್ನು ಬೇರೆ ಯಾವುದಕ್ಕಾದರೂ ಬಳಸಿ. ಎಂಜಿನ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲ್ ಬ್ರೇಕಿನ ಯಾವ ರಬ್ಬರ್ ಭಾಗಕ್ಕೂ ತಾಗಬಾರದು. ರಬ್ಬರ್ ಉಬ್ಬಿಹೋಗುತ್ತದೆ.

ಹಂತ 5: ಮಾಸ್ಟರ್ ಸಿಲಿಂಡರ್ ಸರಿಸುವುದು

ವ್ಯಾಕ್ಯೂಮ್ ಪೈಪನ್ನು ಬೂಸ್ಟರಿನಿಂದ ಬಿಡಿಸಿ ಪಕ್ಕಕ್ಕೆ ಕಟ್ಟಿ. ಮಾಸ್ಟರ್ ಸಿಲಿಂಡರ್ ಬೂಸ್ಟರಿನ ಮುಖಕ್ಕೆ ಎರಡು ನಟ್ಟುಗಳಿಂದ ಕೂತಿರುತ್ತದೆ. ಹಳೆಯ ಗಾಡಿಯಲ್ಲಿ ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ.

ಬ್ರೇಕ್ ಪೈಪ್ ಬಿಚ್ಚದೆಯೇ ಸಿಲಿಂಡರನ್ನು ಮುಂದಕ್ಕೆ ಎಳೆದು ಬದಿಗೆ ಸರಿಸಲು ಜಾಗ ಇದೆಯೇ ನೋಡಿ. ಇದ್ದರೆ ಗಾಳಿ ತೆಗೆಯುವ ಕೆಲಸವೇ ತಪ್ಪುತ್ತದೆ. ಆದರೆ ಲೋಹದ ಪೈಪನ್ನು ಬಲವಂತದಿಂದ ಬಾಗಿಸಬೇಡಿ. ಒಮ್ಮೆ ಮುರುಟಿದ ಪೈಪ್ ಮತ್ತೆ ನಂಬಿಕೆಗೆ ಯೋಗ್ಯವಲ್ಲ. ಜಾಗ ಸಾಲದಿದ್ದರೆ, ಅಥವಾ ಮಾಸ್ಟರ್ ಕೂಡ ಬದಲಿಸುವುದಿದ್ದರೆ, ಡಬ್ಬದ ಆಯಿಲ್ ಅನ್ನು ಸಿರಿಂಜಿನಿಂದ ತೆಗೆದು, ಕೆಳಗೆ ಬಟ್ಟೆ ಹಾಸಿ ಪೈಪ್ ನಟ್ಟು ಬಿಚ್ಚಿ. ಯಾವ ಪೈಪ್ ಎಲ್ಲಿತ್ತು ಎಂದು ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಚ್ಚಿದ ಬಾಯಿಗಳಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಎರೆಮಣ್ಣಿನ ಧೂಳು ಒಂದು ಚಿಟಿಕೆ ಹೋದರೂ ಒಳಗಿನ ಸೀಲ್ ಗೀರುತ್ತದೆ.

ಸಿಲಿಂಡರ್ ಹೊರಬಂದ ಮೇಲೆ ಅದರ ಬೆನ್ನು ನೋಡಿ. ಒಣಗಿದ್ದರೆ ಸರಿ. ಒದ್ದೆಯಾಗಿದ್ದರೆ ಮೊದಲ ಹಂತದಲ್ಲಿ ಹೇಳಿದ ಮಾತು ನೆನಪಿಸಿಕೊಳ್ಳಿ.

ಹಂತ 6: ಹಳೆಯ ಬೂಸ್ಟರ್ ಹೊರಗೆ

ಈ ಕೆಲಸದಲ್ಲಿ ಬೈಗುಳ ಬಾಯಿಗೆ ಬರುವುದು ಇಲ್ಲಿ. ಡ್ರೈವರ್ ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಅಂಗಾತ ಮಲಗಿ, ತಲೆಯನ್ನು ಪೆಡಲ್‌ಗಳ ಕೆಳಗೆ ತೂರಿಸಬೇಕು. ಬೂಸ್ಟರಿನ ರಾಡ್ ಪೆಡಲ್‌ಗೆ ಒಂದು ಪಿನ್ನಿನಿಂದ ಕೂಡಿರುತ್ತದೆ, ಪಿನ್ ಜಾರದಂತೆ ಸ್ಪ್ಲಿಟ್ ಪಿನ್ನೋ ಕ್ಲಿಪ್ಪೋ ಇರುತ್ತದೆ. ಅದನ್ನು ಪಕ್ಕಡದಿಂದ ನೇರ ಮಾಡಿ ಎಳೆದು ಬಿಸಾಡಿ, ಹಳೆಯದನ್ನು ಮತ್ತೆ ಹಾಕಬೇಡಿ. ಪಿನ್ ಸವೆದು ಸೊಂಟ ಕೃಶವಾಗಿದ್ದರೆ ಅದನ್ನೂ ಬದಲಿಸಿ.

ಆಮೇಲೆ ಗೋಡೆಯ ನಟ್ಟುಗಳು, ಸಾಮಾನ್ಯವಾಗಿ ನಾಲ್ಕು. ಕೆಳಗಿನ ಎರಡು ಸುಲಭ. ಮೇಲಿನ ಎರಡು ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ತಡಕಬೇಕು. ಉದ್ದ ಎಕ್ಸ್‌ಟೆನ್ಷನ್ ಹಾಕಿದ ಸಾಕೆಟ್ ಇದ್ದರೆ ಅರ್ಧ ತಾಪತ್ರಯ ತಪ್ಪುತ್ತದೆ. ಕೊನೆಯ ನಟ್ಟು ಬಿಚ್ಚುವ ಮೊದಲು ಯಾರಾದರೂ ಬಾನೆಟ್ ಕಡೆಯಿಂದ ಬೂಸ್ಟರನ್ನು ಹಿಡಿದುಕೊಂಡಿರಲಿ. ಹೊರತೆಗೆಯುವಾಗ ಗೋಡೆಗೂ ಬೂಸ್ಟರಿಗೂ ನಡುವಿನ ಪ್ಯಾಕಿಂಗ್ ಹರಿಯದಂತೆ ನೋಡಿ. ಅದು ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ಕಾಲಡಿಗೆ ಇಳಿಯುತ್ತದೆ.

ಹಂತ 7: ಅಳತೆ

ಅವಸರದಲ್ಲಿ ಬಹಳ ಜನ ಹಾರಿಸುವ ಹಂತ ಇದು. ಬೂಸ್ಟರ್ ಬದಲಿಸಿದ ಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಬೂಸ್ಟರಿನ ಮುಖದ ನಡುವೆ ಒಂದು ಸಣ್ಣ ರಾಡ್ ಚಾಚಿರುತ್ತದೆ. ಅದು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುವ ರಾಡ್. ಪೆಡಲ್ ಬಿಟ್ಟಾಗ ರಾಡಿನ ತುದಿಗೂ ಪಿಸ್ಟನ್ನಿಗೂ ನಡುವೆ ಒಂದು ಕೂದಲೆಳೆಯ ಸಂದು ಉಳಿಯಬೇಕು. ರಾಡ್ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಕ್ಕೆ ಮರಳುವ ಕಿಂಡಿ ತೆರೆಯುವುದಿಲ್ಲ. ಒಂದೆರಡು ಮೈಲಿ ಹೋಗುವುದರೊಳಗೆ ಗಾಲಿಗಳು ಬಿಸಿಯಾಗಿ, ಬ್ರೇಕ್ ತಾನೇ ಹಿಡಿದು, ಗಾಡಿ ಮುಂದೆ ಹೋಗಲು ಒಲ್ಲೆ ಎನ್ನುತ್ತದೆ. ರಾಡ್ ಗಿಡ್ಡವಾದರೆ ಪೆಡಲ್ ಸುಮ್ಮನೆ ಒಳಗೆ ಹೋಗಿ ಆಮೇಲೆ ಬ್ರೇಕ್ ಹಿಡಿಯುತ್ತದೆ.

ಅಳೆಯುವುದು ಹೀಗೆ. ವರ್ನಿಯರಿನ ಹಿಂಬದಿಯ ಕಡ್ಡಿಯಿಂದ ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ತಾಗುವ ಮೈಯಿಂದ ಪಿಸ್ಟನ್ನಿನ ಕುಳಿಯ ತಳದವರೆಗೆ ಎಷ್ಟು ಆಳ ಎಂದು ನೋಡಿ. ಬೂಸ್ಟರಿನ ಮುಖದಿಂದ ರಾಡ್ ಎಷ್ಟು ಹೊರಚಾಚಿದೆ ಎಂದು ನೋಡಿ. ನಡುವೆ ಪ್ಯಾಕಿಂಗ್ ಇದ್ದರೆ ಅದರ ದಪ್ಪವನ್ನು ಆಳಕ್ಕೆ ಕೂಡಿಸಿ. ಸಿಲಿಂಡರಿನ ಮೂತಿ ಬೂಸ್ಟರ್ ಒಳಗೆ ಹೊಕ್ಕು ಕೂಡುವ ಮಾದರಿಯಾದರೆ ಎರಡು ಅಳತೆಯನ್ನೂ ಒಂದಕ್ಕೊಂದು ತಾಗುವ ಮೈಯಿಂದಲೇ ತೆಗೆಯಬೇಕು. ಉದಾಹರಣೆಗೆ ಆಳ 12.6 ಎಂ.ಎಂ., ರಾಡ್ 12 ಎಂ.ಎಂ. ಇದ್ದರೆ ಸಂದು 0.6 ಎಂ.ಎಂ. ಎಷ್ಟು ಇರಬೇಕೆನ್ನುವುದು ಗಾಡಿಗೆ ತಕ್ಕಂತೆ ಬೇರೆ; ವರ್ಕ್‌ಶಾಪ್ ಮ್ಯಾನುಯಲ್‌ನ ಅಂಕಿಯೇ ಕೊನೆಯ ಮಾತು. ಅದು ಕೈಗೆ ಸಿಗದಿದ್ದರೆ ಹಳೆಯ ಬೂಸ್ಟರಿನ ರಾಡ್ ಎಷ್ಟು ಚಾಚಿತ್ತೋ ಹೊಸದೂ ಅಷ್ಟೇ ಇರುವಂತೆ ತುದಿಯ ಬೋಲ್ಟು ತಿರುಗಿಸಿ ಹೊಂದಿಸಿ. ಕಾರ್ಖಾನೆಯ ಹೊಂದಾಣಿಕೆಯನ್ನು ಯಾರೂ ಮುಟ್ಟಿಲ್ಲದ ಗಾಡಿಗಾದರೆ ಇದು ಸಾಕು.

ಒಂದು ಎಚ್ಚರ. ಆ ರಾಡನ್ನು ಪಕ್ಕಡ ಹಾಕಿ ಹೊರಗೆ ಎಳೆಯಬೇಡಿ. ಅದರ ಬುಡದಲ್ಲಿ ನಾಣ್ಯದಂಥ ಒಂದು ರಬ್ಬರ್ ಬಿಲ್ಲೆ ಇರುತ್ತದೆ, ಕಾಲಿಗೆ ಬ್ರೇಕಿನ ಹದ ತಿಳಿಯುವುದು ಅದರಿಂದ. ರಾಡ್ ಎಳೆದಾಗ ಬಿಲ್ಲೆ ಜಾರಿ ಡಬ್ಬಿಯೊಳಗೆ ಬೀಳುತ್ತದೆ. ಆಮೇಲೆ ಪೆಡಲ್ ಮುಟ್ಟಿದರೆ ಸಾಕು, ಗಾಡಿ ಮುಗ್ಗರಿಸಿ ನಿಲ್ಲುತ್ತದೆ.

ಹಂತ 8: ಕೂಡಿಸುವುದು

ಬಿಚ್ಚಿದ್ದರ ತಿರುಗಾ ಮುರುಗಾ ಕ್ರಮ. ಎಲ್ಲ ನಟ್ಟುಗಳನ್ನು ಮೊದಲು ಕೈಯಿಂದ ಹತ್ತಿಸಿ, ಆಮೇಲೆ ಪಾನಾ ಹಾಕಿ, ಎದುರು ಬದುರಿನ ನಟ್ಟುಗಳನ್ನು ಸರದಿಯ ಮೇಲೆ ಬಿಗಿ ಮಾಡಿ. ಪೆಡಲ್ ಪಿನ್ನಿಗೆ ತುಸು ಗ್ರೀಸ್, ಹೊಸ ಸ್ಪ್ಲಿಟ್ ಪಿನ್, ಎರಡು ಕಾಲನ್ನೂ ಬಗ್ಗಿಸುವುದು ಮರೆಯಬೇಡಿ. ಪೆಡಲ್ ಪೂರ್ತಿ ಮೇಲೆ ಬಂದಾಗ ಬ್ರೇಕ್ ಲೈಟ್ ಆರುತ್ತದೆಯೇ ಎಂದು ಬ್ಯಾಟರಿ ಕೂಡಿಸಿ ನೋಡಿ.

ಹಂತ 9: ಗಾಳಿ ತೆಗೆಯುವುದು

ಪೈಪ್ ಬಿಚ್ಚದೆ ಮುಗಿಸಿದವರು ಇದನ್ನು ದಾಟಬಹುದು. ಉಳಿದವರಿಗೆ ಇನ್ನೊಬ್ಬರ ಕಾಲು ಬೇಕು. ಎಂಜಿನ್ ಬಂದ್ ಇರಲಿ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಆರಂಭ: ನಮ್ಮ ಬಲಗಡೆ ಸ್ಟೇರಿಂಗಿನ ಗಾಡಿಯಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಗಾಲಿಯ ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ.

ಒಳಗೆ ಕೂತವರಿಗೆ ‘ಒತ್ತು, ಹಿಡಿ’ ಎನ್ನಿ. ಅವರು ಹಿಡಿದಾಗ ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ. ಆಯಿಲ್ ಜೊತೆ ಗುಳ್ಳೆಗಳು ಬರುತ್ತವೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ‘ಬಿಡು’ ಎನ್ನಬೇಕು. ಅದಕ್ಕೂ ಮೊದಲು ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಕ್ಕೆ. ಗುಳ್ಳೆ ನಿಲ್ಲುವವರೆಗೆ ಇದನ್ನೇ ಮಾಡುತ್ತಿರಿ. ನಡುನಡುವೆ ಡಬ್ಬದಲ್ಲಿ ಆಯಿಲ್ ತುಂಬುತ್ತಿರಬೇಕು. ಅದು ಖಾಲಿಯಾಗಿ ಗಾಳಿ ಎಳೆದುಕೊಂಡರೆ ಎಲ್ಲವೂ ಮೊದಲಿನಿಂದ. ಹೊರಬಂದ ಆಯಿಲ್ ಅನ್ನು ತಿರುಗಿ ಡಬ್ಬಕ್ಕೆ ಸುರಿಯುವ ಜಿಪುಣತನ ಬೇಡ, ಚರಂಡಿಗೂ ಬೇಡ, ಹೊಲದ ಬದುವಿಗೂ ಬೇಡ. ಹಳೆಯ ಎಂಜಿನ್ ಆಯಿಲ್ ಒಯ್ಯುವ ಗ್ಯಾರೇಜಿಗೆ ಬೇರೆ ಬಾಟಲಿಯಲ್ಲಿ ಕೊಡಿ.

ಹಂತ 10: ಓಡಿಸಿ ನೋಡುವುದು

ಮೊದಲ ಹಂತದ ಮೂರೂ ಪರೀಕ್ಷೆಗಳನ್ನು ಮತ್ತೆ ಮಾಡಿ. ಈ ಸಲ ಪೆಡಲ್ ಇಳಿಯಲೇಬೇಕು. ಎಂಜಿನ್ ನಡೆಯುತ್ತಿರುವಾಗ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಪೈಪ್ ನಟ್ಟನ್ನೂ ನೋಡಲಿ. ಹನಿ ಇರಬಾರದು, ಪೆಡಲ್ ನಿಧಾನವಾಗಿ ಕುಸಿಯಬಾರದು.

ಅಂಗಳದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ ನೋಡಿದ ಮೇಲೆ ರಸ್ತೆಗೆ ಇಳಿಸಿ. ಬೆಳಗಿನ ಜಾವ, ರಸ್ತೆ ಖಾಲಿ ಇರುವಾಗ. ಶುಕ್ರವಾರ ಬೇಡ, ಅವತ್ತು ಕಲ್ಲೂರಿನ ಮಹಾಲಕ್ಷ್ಮಿಯ ದರ್ಶನಕ್ಕೆ ಬರುವವರ ಗಾಡಿಗಳು ಊರು ತುಂಬ. ಭತ್ತ, ಹತ್ತಿಯ ಸುಗ್ಗಿಯ ದಿನಗಳಲ್ಲಿ ಟ್ರ್ಯಾಕ್ಟರ್ ಓಡಾಟ ಶುರುವಾಗುವ ಮೊದಲೇ ಮನೆಗೆ ಬನ್ನಿ. ನಾಲ್ಕೈದು ಕಿ.ಮೀ. ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ಗಾಡಿಯನ್ನು ತಾನಾಗಿ ನಿಲ್ಲಲು ಬಿಡಿ, ಇಳಿದು ಪ್ರತಿ ಗಾಲಿಯ ಹತ್ತಿರ ಅಂಗೈ ಒಡ್ಡಿ ನೋಡಿ; ಡಿಸ್ಕ್ ಮುಟ್ಟಬೇಡಿ. ಬೆಚ್ಚಗಿದ್ದರೆ ಸರಿ. ಶಾಖ ಮುಖಕ್ಕೆ ಹೊಡೆಯುತ್ತಿದ್ದರೆ, ಗಾಡಿ ತಳ್ಳಿದರೆ ಭಾರ ಎನಿಸಿದರೆ, ಮಾಸ್ಟರ್ ಸಿಲಿಂಡರಿನ ಎರಡು ನಟ್ಟುಗಳನ್ನು ಒಂದೆರಡು ಎಂ.ಎಂ. ಸಡಿಲಿಸಿ ಮತ್ತೆ ತಳ್ಳಿ ನೋಡಿ. ಆಗ ಗಾಲಿ ಬಿಟ್ಟರೆ ಏಳನೆಯ ಹಂತದ ರಾಡ್ ಉದ್ದವಾಗಿದೆ. ನಟ್ಟು ತಿರುಗಿ ಬಿಗಿ ಮಾಡಿ, ತಣ್ಣಗಾದ ಮೇಲೆ ನಿಧಾನಕ್ಕೆ ಮನೆಗೆ ತಂದು ರಾಡ್ ಸರಿಪಡಿಸಿ. ಸಡಿಲ ನಟ್ಟಿನ ಮೇಲೆ ಗಾಡಿ ಓಡಿಸಬೇಡಿ.

15 ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ಗಾಡಿಯ ತಪಾಸಣೆಯೂ ಇರುತ್ತದೆ. ರಾಯಚೂರಿನ ಕೆಎ 36 ನಂಬರಿನ ಹಳೆಯ ಗಾಡಿಗಳ ಮಾಲೀಕರು ಬೂಸ್ಟರಿನ ಕೆಲಸವನ್ನು ಆ ತಾರೀಖಿನ ಹಿಂದಿನ ದಿನಕ್ಕೆ ಇಟ್ಟುಕೊಳ್ಳದಿರುವುದು ಒಳ್ಳೆಯದು, ಸಾಮಾನು ಸಿಗುವುದಕ್ಕೇ ವಾರಗಳು ಹಿಡಿಯುತ್ತವೆ.

ಏಳನೆಯ ಹಂತದ ಅಳತೆ ಅರ್ಥವಾಗದಿದ್ದರೆ, ಅಥವಾ ಗಾಳಿ ತೆಗೆದ ಮೇಲೂ ಪೆಡಲ್ ಸ್ಪಂಜಿನಂತೆ ಮೆತ್ತಗೇ ಇದ್ದರೆ, ಗಾಡಿ ರಸ್ತೆಗೆ ಇಳಿಸಬೇಡಿ. ಬ್ರೇಕ್ ಕೆಲಸ ಬಲ್ಲ ಮೇಸ್ತ್ರಿಯನ್ನು ಮನೆಗೇ ಕರೆಸಿ, ಪಕ್ಕದಲ್ಲಿ ನಿಂತು ನೋಡಿ. ಎಲ್ಲವೂ ಸರಿಯಾಗಿದೆ ಎನಿಸಿದವರು ನೂರು ಕಿ.ಮೀ. ಓಡಿಸಿದ ಮೇಲೆ ನಟ್ಟುಗಳ ಬಿಗಿಯನ್ನೂ ಡಬ್ಬದ ಆಯಿಲ್ ಮಟ್ಟವನ್ನೂ ಇನ್ನೊಮ್ಮೆ ನೋಡಿ. ಮಟ್ಟ ಗೆರೆಯ ಹತ್ತಿರವೇ ನಿಂತಿದ್ದರೆ ಕೆಲಸ ಮುಗಿದಿದೆ.